ಹೆಣೆಯುವುದೊಂದನ್ನು ಬಿಟ್ಟು

ಹೆಣಿಗೆ ಮತ್ತು ಕೊಕ್ಕೆಯಿಂದ ಹೆಣೆಯುವ ಕ್ರೋಶೆ ಕೆಲಸವನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡು ಆನಂದಿಸುವುದು ಹೇಗೆಂಬ ಉಪಯುಕ್ತ ಸಲಹೆಗಳ ಪಟ್ಟಿ ಮತ್ತೊಮ್ಮೆ ಫೋನಿನಿಂದ ಫೋನಿಗೆ ಸಂಚರಿಸುತ್ತಿದೆ. ನೀವೂ ಓದಿರುತ್ತೀರಿ, ಓದದೆ ತಪ್ಪಿಸಿಕೊಂಡವರು ಪುಣ್ಯವಂತರು. ಎರಡು ಕಡ್ಡಿ, ಒಂದು ಉಂಡೆ ನೂಲು, ಬೆಳಕಿರುವ ಒಂದು ಮೂಲೆ ಸಿಕ್ಕರೆ ಸಾಗುತ್ತಿದ್ದ ಕೆಲಸಕ್ಕೆ ಇಷ್ಟೊಂದು ಆಡಳಿತ ಬೇಕಾಗಿತ್ತೆಂಬುದು ಇಷ್ಟು ಕಾಲ ಯಾರಿಗೂ ಹೊಳೆಯದೆ ಹೋದದ್ದು ಶೋಚನೀಯವೇ ಸರಿ.

ಪಟ್ಟಿಯ ಅಪ್ಪಣೆಯಂತೆ ನೂಲನ್ನು ಮೊದಲು ಬಣ್ಣದಿಂದ, ಆಮೇಲೆ ದಪ್ಪದಿಂದ ವಿಂಗಡಿಸಬೇಕು. ದಪ್ಪಕ್ಕೆ 0ಯಿಂದ 7ರವರೆಗೆ ದರ್ಜೆಗಳಿವೆ. ಲೇಸಿನ ಎಳೆ 0, ಹಗ್ಗದಂಥದ್ದು 7. ಪ್ರತಿ ದರ್ಜೆಗೂ ಪಾರದರ್ಶಕ ಡಬ್ಬಿ, ಡಬ್ಬಿಯ ಮೇಲೆ ಚೀಟಿ, ಅರ್ಧಕ್ಕೆ ನಿಂತ ಪ್ರತಿ ಸ್ವೆಟರಿಗೂ ಬೇರೆ ಚೀಲ, ಚೀಲದೊಳಗೆ ಜಿಪ್ಪಿರುವ ಮರಿಚೀಲ, ಮರಿಚೀಲದೊಳಗೆ ಸಾಲು ಗುರುತಿಸುವ ಪುಟ್ಟ ಬಳೆಗಳು. ಇಷ್ಟಾದ ಮೇಲೆ ದಾಸ್ತಾನನ್ನೆಲ್ಲ ಎಕ್ಸೆಲ್ ಹಾಳೆಗೆ ಏರಿಸಬೇಕು. ಮೂಗಿಗಿಂತ ಮೂಗುತಿ ಭಾರವೆಂದು ಗೊಣಗುವವರಿಗೆ ಶಿಸ್ತಿನ ಬೆಲೆ ತಿಳಿಯದು. ಈ ಕ್ರಮವನ್ನು ನಿಷ್ಠೆಯಿಂದ ಪಾಲಿಸಿದವರ ಮನೆಯಲ್ಲಿ ನೂಲು ಎಲ್ಲಿದೆಯೆಂಬುದು ಕ್ಷಣದಲ್ಲಿ ತಿಳಿಯುತ್ತದೆ, ಹೆಣೆದು ಮುಗಿಸಿದ ಉಡುಪು ಎಲ್ಲಿದೆಯೆಂದು ಮಾತ್ರ ಕೇಳಬಾರದು.

ನಿಜಕ್ಕೂ ಬೇಕಾದ ಸಲಹೆಗಳು ಪಟ್ಟಿಯ ತಳದಲ್ಲೆಲ್ಲೋ ಅಡಗಿವೆ. ನೂಲಿನ ಉಂಡೆಗೆ ಸುತ್ತಿದ ಲೇಬಲನ್ನು ಎಸೆಯಬಾರದು, ಏಕೆಂದರೆ ಅದರಲ್ಲಿ ಬಣ್ಣದ ಸಂಖ್ಯೆಯ ಪಕ್ಕದಲ್ಲೇ ಯಾವ ಕಂತಿನಲ್ಲಿ ಬಣ್ಣ ಹಾಕಿದ್ದೆಂಬ ಸಂಖ್ಯೆಯೂ ಇರುತ್ತದೆ. ಕಂತು ಬೇರೆಯಾದರೆ, ವಿದ್ಯುದ್ದೀಪದಡಿ ಒಂದೇ ಎನಿಸಿದ ಎರಡು ತೋಳುಗಳು ಹಗಲಿನ ಬೆಳಕಿನಲ್ಲಿ ಪರಸ್ಪರ ಪರಿಚಯವೇ ಇಲ್ಲದವರಂತೆ ಕಾಣುತ್ತವೆ. ಹಾಗೆಯೇ ಮೊದಲು 10 ಸೆಂಟಿಮೀಟರಿನ ಚೌಕವೊಂದನ್ನು ಹೆಣೆದು, ಒಗೆದು, ಒಣಗಿಸಿ, ಕುಣಿಕೆಗಳನ್ನು ಎಣಿಸಬೇಕು. ಅದರ ಒಂದು ಸಾಲಿನಲ್ಲಿ 22 ಕುಣಿಕೆ ಬರಬೇಕಾದಲ್ಲಿ 20 ಬಂದರೆ, 220 ಕುಣಿಕೆ ಸುತ್ತಳತೆಯ ಸ್ವೆಟರು 100 ಸೆಂಟಿಮೀಟರಿನ ಬದಲು 110 ಆಗುತ್ತದೆ. ಇದಕ್ಕೆ ಡಬ್ಬಿ ಬೇಡ, ಚೀಲ ಬೇಡ, ಮಾರಲು ಏನೂ ಇಲ್ಲ. ಆದ್ದರಿಂದಲೇ ಇದು ಒಂದೇ ಸಾಲಿನಲ್ಲಿ ಮುಗಿದಿದೆ.

ಕಡ್ಡಿಗಳನ್ನು ಸಂಖ್ಯೆಯ ಪ್ರಕಾರ ಜೋಡಿಸಿಡಿ ಎನ್ನುವ ಇನ್ನೊಂದು ಸಲಹೆಯನ್ನು ಬರೆದವರು ಕಡ್ಡಿಗಳನ್ನು ಕಣ್ಣಾರೆ ಕಂಡಿದ್ದಾರೆಯೇ ಎಂಬ ಅನುಮಾನ ಬರುತ್ತದೆ. ಯಾವ ಸಂಖ್ಯೆ ಸ್ವಾಮಿ? 4 ಮಿಲಿಮೀಟರಿನ ಕಡ್ಡಿ ಅಮೆರಿಕದ ಲೆಕ್ಕದಲ್ಲಿ 6, ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 8. 5 ಮಿಲಿಮೀಟರಿನದು ಅಮೆರಿಕದಲ್ಲಿ 8, ಬ್ರಿಟಿಷರಲ್ಲಿ 6. ಒಂದು ಕಡೆ ಅಂಕಿ ಏರಿದಂತೆ ಕಡ್ಡಿ ದಪ್ಪವಾಗುತ್ತದೆ, ಇನ್ನೊಂದು ಕಡೆ ಅಂಕಿ ಏರಿದಂತೆ ಸಪೂರವಾಗುತ್ತದೆ. ಎರಡೂ ಕಡೆಯವರು ತಮ್ಮದೇ ಸಹಜವೆಂದು ದೃಢವಾಗಿ ನಂಬಿದ್ದಾರೆ. ಅಜ್ಜಿಯ ಕಾಲದ ವಿನ್ಯಾಸದ ಪುಸ್ತಕದಲ್ಲಿ 8ನೆಯ ಕಡ್ಡಿಯೆಂದು ಓದಿ, ಅಮೆರಿಕದ 8ನ್ನು ಕೈಗೆತ್ತಿಕೊಂಡವರ ಮಗುವಿನ ಟೋಪಿ ಮಗುವಿನ ತಂದೆಗೆ ಸರಿಹೋಗುವ ಹಾದಿ ಹಿಡಿಯುತ್ತದೆ. ಮಿಲಿಮೀಟರನ್ನು ನೋಡಿ ಎಂದು ಎರಡು ಪದ ಬರೆದಿದ್ದರೆ ಸಾಕಿತ್ತು. ಬದಲಿಗೆ, ಬಣ್ಣಬಣ್ಣದ ಹದಿನೆಂಟು ಜೇಬುಗಳ ಬಟ್ಟೆಯ ಸುರುಳಿಯೊಂದನ್ನು ಕೊಳ್ಳಲು ಶಿಫಾರಸು ಮಾಡಲಾಗಿದೆ.

ಇನ್ನು ಆನಂದದ ವಿಭಾಗ. ಪ್ರತಿ ಕುಣಿಕೆಯನ್ನೂ ಅರಿವಿನಿಂದ ಹಾಕಿ, ಉಸಿರನ್ನು ಗಮನಿಸಿ, ವಾರಕ್ಕೊಂದು ಗುರಿ ಇಟ್ಟುಕೊಳ್ಳಿ, ಗುರಿ ತಲುಪಿದ್ದನ್ನು ದಿನಚರಿಯಲ್ಲಿ ದಾಖಲಿಸಿ, ಚಿತ್ರ ತೆಗೆದು ಹಂಚಿಕೊಳ್ಳಿ. ಕಚೇರಿಯಿಂದ ದಣಿದು ಬಂದು ಕಡ್ಡಿ ಹಿಡಿದವರ ಕೈಗೆ ಮತ್ತೊಂದು ಕಚೇರಿಯನ್ನೇ ಕೊಟ್ಟ ಈ ಔದಾರ್ಯಕ್ಕೆ ಎಣೆಯಿಲ್ಲ. ಪಟ್ಟಿಯ ಜೊತೆಗಿರುವ ಕ್ರೋಶೆ ಗೊಂಬೆಗಳ ಚಿತ್ರಗಳಂತೂ ಕಂಪ್ಯೂಟರಿನ ಕಲ್ಪನೆಯಲ್ಲಿ ಹುಟ್ಟಿದವು. ಎಲ್ಲಿ ಆರಂಭವಾಗಿ ಎಲ್ಲಿಗೆ ಹೋಗುತ್ತದೆಂದು ತಿಳಿಯದ ಅಂಥ ಕುಣಿಕೆಯನ್ನು ಈ ಭೂಮಿಯ ಮೇಲಿನ ಯಾವ ಕೊಕ್ಕೆಯೂ ಹಾಕಲಾರದು. ಅದನ್ನು ನೋಡಿಕೊಂಡು ಹೆಣೆಯಲು ಹೊರಟ ಹೊಸಬರು ತಮ್ಮ ಕೈಯೇ ದಡ್ಡ ಕೈ ಎಂದು ಭಾವಿಸಿ ಕೊಕ್ಕೆಯನ್ನು ಕೆಳಗಿಡುತ್ತಾರೆ.

ಇಲ್ಲಿಯವರೆಗೆ ನಗಬಹುದಾಗಿತ್ತು. ಆದರೆ ಅದೇ ಪಟ್ಟಿ, ಹೆಣೆಯಲು ಬಿಡುವಿಲ್ಲದವರು ಸಿದ್ಧ ಕ್ರೋಶೆ ಅಂಗಿಗಳನ್ನು ಅಗ್ಗದಲ್ಲಿ ಕೊಂಡು ಸಂತೋಷಪಡಬಹುದೆಂದೂ ಹೇಳುತ್ತದೆ. ಹೆಣಿಗೆಯ ಯಂತ್ರವನ್ನು ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ರೂಪಿಸಿದ. ಆದರೆ ನಿಜವಾದ ಕ್ರೋಶೆ ಇಂದಿಗೂ ಮಾರುಕಟ್ಟೆಗೆ ಬರುವುದು ಕೈಯಿಂದಲೇ. ಯಂತ್ರಗಳು ಮಾಡುವುದು ಅದನ್ನು ಹೋಲುವ ಬಟ್ಟೆಯನ್ನು ಮಾತ್ರ. ಅಂದರೆ, ನಿಜವಾದ ಕ್ರೋಶೆಯೇ ಆಗಿದ್ದರೆ, ನೂಲಿನ ಬೆಲೆಗೂ ಸಾಲದಷ್ಟು ಅಗ್ಗವಾಗಿ ತೂಗಾಡುವ ಆ ಅಂಗಿಯ ಒಂದೊಂದು ಕುಣಿಕೆಯನ್ನೂ ಯಾರೋ ಒಬ್ಬರು ಕುಳಿತು, ಬೆರಳು ನೋಯುವವರೆಗೆ ಹಾಕಿದ್ದಾರೆ. ಅವರಿಗೆ ಸಿಕ್ಕ ಕೂಲಿ ಎಷ್ಟಿರಬಹುದೆಂದು ಲೆಕ್ಕ ಹಾಕಲು ಎಕ್ಸೆಲ್ ಹಾಳೆ ಬೇಕಾಗಿಲ್ಲ. ಅವರು ಉಸಿರನ್ನು ಗಮನಿಸಿದರೇ, ಅರಿವಿನಿಂದ ಹೆಣೆದರೇ ಎಂದು ಯಾರೂ ಕೇಳುವುದಿಲ್ಲ. ನಾಚಿಕೆಯಾಗಬೇಕು.

ಆ ಅಂಗಿಗಳ ವಿಷಯದಲ್ಲಿ ಪಟ್ಟಿ ವ್ಯಕ್ತಪಡಿಸಿರುವ ಕಾಳಜಿ ಇಷ್ಟೇ: ತಣ್ಣೀರಿನಲ್ಲಿ ಮೃದುವಾಗಿ ಒಗೆಯಿರಿ, ಹಿಂಡಬೇಡಿ, ನೇತುಹಾಕದೆ ಹರಡಿ ಒಣಗಿಸಿ, ಇಲ್ಲವಾದರೆ ಜೋತುಬೀಳುತ್ತವೆ.