ನೀವಲ್ಲ, ಕುರ್ಚಿ!

ಅಂಗೈಯಲ್ಲಿ ಎರಡು ಬೊಬ್ಬೆ, ಹೆಬ್ಬೆರಳಿಗೆ ಬ್ಯಾಂಡೇಡು. ಕಾರಣ, ನಮ್ಮನೆ ಊಟದ ಟೇಬಲ್ಲಿನ ಆರು ಕುರ್ಚಿಗಳು.

ರೆಕ್ಸಿನ್ ಸಿಪ್ಪೆ ಏಳುವುದು ನಿಮ್ಮನೆಯಲ್ಲೂ ಇರುತ್ತೆ ಬಿಡಿ. ಉಂಡು ಎದ್ದರೆ ಪಂಚೆ ಹಿಂದೆಲ್ಲ ಕಂದು ಚೂರು. ಕುಶನ್ ಕೆಲಸದವನು ಒಂದು ಸೀಟಿಗೆ 800 ರೂಪಾಯಿ ಅಂದ. ನಾಲ್ಕು ಸ್ಕ್ರೂ ಬಿಚ್ಚೋಕೆ 800? ನಾನೇ ಮಾಡ್ತೀನಿ ಅಂದುಬಿಟ್ಟೆ.

ಲೆಕ್ಕವೇನೋ ಸರಿಯಾಗಿತ್ತು. ಸೀಟು 18 ಇಂಚು, ಮಡಚೋಕೆ ಸುತ್ತ 3 ಇಂಚು, ಒಟ್ಟು 24. ರೆಕ್ಸಿನ್ ಪನ್ನ 54 ಇಂಚು, ಅಗಲಕ್ಕೆ ಎರಡೆರಡು ಬರುತ್ತೆ. 2 ಮೀಟರ್ ಧಾರಾಳ ಸಾಕು.

ಆದರೆ ಹಳೇ ಪಿನ್ನು ಕೀಳೋದಿದೆಯಲ್ಲ! ಒಂದೊಂದು ಸೀಟಿಗೂ ಎಪ್ಪತ್ತರ ಮೇಲೆ. ಅರ್ಧ ಕೈಗೆ ಬರುತ್ತೆ, ಅರ್ಧ ಪ್ಲೈವುಡ್ಡಲ್ಲೇ ಮುರಿಯುತ್ತೆ. ಮೂರನೇ ಸೀಟಿಗೆ ಬರುವಷ್ಟರಲ್ಲಿ ಆ 800 ತೀರಾ ಕಡಿಮೆಯಾಯ್ತು ಅನಿಸತೊಡಗಿತು. ಹೊಸ ರೆಕ್ಸಿನ್ನಿಗೆ ನಾಲ್ಕು ಬದಿಯ ನಡುವೆ ಮೊದಲು ಒಂದೊಂದು ಪಿನ್ನು ಹೊಡೆದು, ಎಳೆದೆಳೆದು ಮೂಲೆ ಕಡೆಗೆ ಹೋಗಬೇಕು. ಹೋದೆ. ಮೂಲೆಯ ನೆರಿಗೆ ಮಾತ್ರ ಮೊದಲ ಸಲ ಕಚ್ಚೆ ಉಟ್ಟ ಮದುಮಗನದ್ದು.

ಪ್ರತಿ ಪ್ಲೈವುಡ್ಡಿನ ನಡುವೆ ರೂಪಾಯಿ ನಾಣ್ಯದಷ್ಟಗಲ ಎರಡು ತೂತು. ಬಡಗಿ ಎಲ್ಲೋ ಉಳಿದ ತುಂಡು ಹಾಕಿ ಯಾಮಾರಿಸಿದ್ದಾನೆ ಅಂದುಕೊಂಡು, ನೀಟಾಗಿರಲಿ ಅಂತ ಟೇಪು ಅಂಟಿಸಿ ಮುಚ್ಚಿದೆ.

ಅಪ್ಪನ ಕುರ್ಚಿಯನ್ನು ಕೊನೆಗೆ ಬಿಚ್ಚಿದೆ. ಅದರ ಫೋಮು ಎಡಗಡೆ ಮಾತ್ರ ಕುಸಿದಿತ್ತು. ನೆಲದಲ್ಲಿ ಕೂತು ಉಂಡ ಅಭ್ಯಾಸ, ಕುರ್ಚಿಯ ಮೇಲೂ ಬಲಗಾಲು ಮಡಚಿಟ್ಟುಕೊಂಡೇ ಕೂರುತ್ತಿದ್ದರು. "ಕಾಲು ಇಳಿಸಿ ಅಪ್ಪ, ಸೀಟು ಹಾಳಾಗುತ್ತೆ" ಅಂತ ಎಷ್ಟು ಸಲ ಗದರಿದ್ದೆನೋ. ಆ ಫೋಮನ್ನು ಅಟ್ಟಕ್ಕೆ ಹಾಕಿದೆ. ಉಳಿದ ಐದನ್ನು ಕಸದ ಗಾಡಿಯವನು ಇವತ್ತಿಗೂ ತಗೊಂಡಿಲ್ಲ.

ಭಾನುವಾರ ಬೀಗರು ಊಟಕ್ಕೆ ಬಂದರು. "ಬನ್ನಿ ಬೀಗರೇ, ಕೂತ್ಕೊಳ್ಳಿ" ಅಂದೆ. ಕೂತರು.

"ಪುಸ್ಸ್ಸ್ಸ್..."

ಹೋಳಿಗೆ ಬಡಿಸುತ್ತಿದ್ದ ನನ್ನವಳ ಕೈ ಅಲ್ಲೇ ನಿಂತಿತು. ಬೀಗರು ಗೋಡೆ ಗಡಿಯಾರ ನೋಡಿದರು. ಬೀಗಿತ್ತಿ ಬೀಗರನ್ನು ನೋಡಿದರು, ಮೂವತ್ತು ವರ್ಷ ಸಂಸಾರ ಮಾಡಿದವರು ನೋಡುವ ಹಾಗೆ. ಪಾಪ, ಕದಲಿದರೆ ಮತ್ತೆ ಬಂದೀತು ಅಂತ ಅವರು ಕಲ್ಲಿನ ಹಾಗೆ ಕೂತರು. ಉಪ್ಪಿನಕಾಯಿ ಕೊಂಚ ದೂರದಲ್ಲಿತ್ತು. ಮೆಲ್ಲಗೆ ಕೈ ಚಾಚಿದರು. "ಪುಸ್." ಉಪ್ಪಿನಕಾಯಿ ಆಸೆ ಬಿಟ್ಟರು.

ಆಮೇಲೆ ಬೀಗಿತ್ತಿ ಕೂತರು. "ಪೀಸ್ಸ್ಸ್..." ಇದು ತಾರಸ್ಥಾಯಿ. ಈಗ ನೋಡುವ ಸರದಿ ಬೀಗರದ್ದು. ಮಗಳು, ಅಳಿಯ ಇಬ್ಬರೂ "ನಾವು ಆಮೇಲೆ ಕೂರ್ತೀವಿ" ಅಂತ ಅಡುಗೆಮನೆ ಸೇರಿದರು.

ಆಗ ಹೊಳೆಯಿತು. ರೆಕ್ಸಿನ್ನಿನಲ್ಲಿ ಗಾಳಿ ಆಡಲ್ಲ. ಕೂತಾಗ ಫೋಮಿನ ಗಾಳಿ ಹೋಗಲಿ ಅಂತಲೇ ಬಡಗಿ ತೂತು ಕೊರೆದಿದ್ದ. ನಾನು ಮುಚ್ಚಿದ್ದೆ. ಈಗ ಅದು ಸಂದಿಯಲ್ಲಿ ನುಸುಳಿ ಹಾಡುತ್ತಿದೆ.

"ನೀವಲ್ಲ ಬೀಗರೇ, ಕುರ್ಚಿ" ಅನ್ನೋಣವೇ? ಅಂದರೆ ನಮಗೆ ಕೇಳಿಸಿತು ಅಂತ ಆಯ್ತಲ್ವಾ! ಅವರ ಸಂಕೋಚವಾದರೂ ಹೋಗಲಿ, ನನ್ನದೂ ಒಂದು ಕೇಳಿಸಲಿ ಅಂತ ಎದುರಿನ ಕುರ್ಚಿಯಲ್ಲಿ ಧೊಪ್ಪನೆ ಕೂತೆ.

ಸದ್ದೇ ಇಲ್ಲ.

ಅದು ಅಪ್ಪನ ಕುರ್ಚಿ. ಅದರ ಸರದಿ ಬರುವಷ್ಟರಲ್ಲಿ ಟೇಪು ಮುಗಿದಿತ್ತು.