ಬಾಣಲೆ ಹೊತ್ತವನೇ ಹೀರೋ

ಅಮ್ಮನಿಗೆ ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಹುಚ್ಚು ಹಿಡಿಸಿದ್ದು ಒಂದು ಬಾಣಲೆ. ತಮ್ಮ ಟಿವಿಯಲ್ಲಿ ಮೊದಲ ಭಾಗ ಹಾಕಿಕೊಂಡು ಕೂತಿದ್ದ. ಅಮ್ಮ ಒಗೆದ ಬಟ್ಟೆ ಮಡಚುತ್ತಾ ಅರ್ಧ ಕಣ್ಣಲ್ಲಿ ನೋಡುತ್ತಿದ್ದಳು. ಪರದೆಯ ಮೇಲೆ ಜೋರು ಹೊಡೆದಾಟ. ಕತ್ತಿಯವರು, ಕೊಡಲಿಯವರು, ಬಿಲ್ಲಿನವರು ಎಲ್ಲ ಇದ್ದರು. ಅವರ ನಡುವೆ ಸ್ಯಾಮ್ ಅನ್ನೋ ಗುಂಡಗಿನ ಹುಡುಗ ಬಾಣಲೆ ತೆಗೆದು ಒಬ್ಬ ರಾಕ್ಷಸನ ತಲೆಗೆ ಬಾರಿಸಿದ.

ಅಮ್ಮನ ಕೈಯಲ್ಲಿದ್ದ ಟವೆಲ್ ಹಾಗೇ ಗಾಳಿಯಲ್ಲಿ ನಿಂತಿತು.

“ಇಷ್ಟು ಜನದಲ್ಲಿ ಪಾತ್ರೆ ತಂದಿರೋದು ಇವನೊಬ್ಬನೇನಾ?”

ಹೌದು ಅಂದೆವು.

“ಹಾಗಾದ್ರೆ ಇವನೇ ಹೀರೋ.”

ಇಲ್ಲಮ್ಮ, ಹೀರೋ ಫ್ರೋಡೊ, ಉಂಗುರ ಇರೋದು ಅವನ ಹತ್ತಿರ, ಅದನ್ನು ಬೆಂಕಿಬೆಟ್ಟಕ್ಕೆ ಎಸೆದರೇನೇ ಲೋಕ ಉಳಿಯೋದು ಅಂತ ತಮ್ಮ ಬಿಡಿಸಿ ಹೇಳಿದ. ಅಮ್ಮ ಕೇಳಿಸಿಕೊಂಡಳು. ಆಮೇಲೆ, “ಉಂಗುರ ಎಷ್ಟು ಭಾರ ಇರುತ್ತೆ? ಪಾತ್ರೆ ಎಷ್ಟು ಭಾರ ಇರುತ್ತೆ?” ಅಂದಳು. ಅಲ್ಲಿಗೆ ಚರ್ಚೆ ಮುಗಿಯಿತು.

ಪೀಟರ್ ಜಾಕ್ಸನ್ ಈ ಮೂರು ಸಿನಿಮಾಗಳನ್ನು ನ್ಯೂಜಿಲೆಂಡಿನಲ್ಲಿ ಒಟ್ಟಿಗೇ ಚಿತ್ರೀಕರಿಸಿ, 2001, 2002, 2003ರಲ್ಲಿ ವರ್ಷಕ್ಕೊಂದರಂತೆ ಬಿಡುಗಡೆ ಮಾಡಿದರು. ಮೂರನೆಯದು 11 ಆಸ್ಕರ್‌ಗೆ ನಾಮನಿರ್ದೇಶನವಾಗಿ 11ನ್ನೂ ಗೆದ್ದುಕೊಂಡು ಬಂತು. “ಹಾಕಿದ್ದು ಹನ್ನೊಂದು, ಬಂದಿದ್ದು ಹನ್ನೊಂದು. ಕೆಲವರು ಐದು ಸಬ್ಜೆಕ್ಟ್ ಬರೆದು ಮೂರರಲ್ಲಿ ಪಾಸಾಗಿದ್ದಾರೆ” ಅಂತ ಅಮ್ಮ ತಮ್ಮನ ಕಡೆ ನೋಡದೆ ಹೇಳುತ್ತಾಳೆ. ಆದರೆ ಆ ಹನ್ನೊಂದರಲ್ಲಿ ನಟನೆಗೆ ಅಂತ ಒಂದೂ ಇಲ್ಲ. ಸ್ಯಾಮ್ ಪಾತ್ರ ಮಾಡಿದ ಶಾನ್ ಆಸ್ಟಿನ್‌ಗೆ ನಾಮನಿರ್ದೇಶನ ಕೂಡ ಸಿಗಲಿಲ್ಲ. ಇದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗದ ವ್ಯಾಜ್ಯ.

ಥಿಯೇಟರಿಗೆ ಬಂದ ಆವೃತ್ತಿ ಅಮ್ಮನಿಗೆ ಸಾಲದು. ಆಮೇಲೆ ಬಂದ ಉದ್ದನೆಯ ಆವೃತ್ತಿಯೇ ಆಗಬೇಕು. ಅದರಲ್ಲಿ ಮೂರನೇ ಭಾಗವೊಂದೇ ನಾಲ್ಕು ಗಂಟೆ ದಾಟುತ್ತದೆ. “ಅಷ್ಟು ಕಷ್ಟಪಟ್ಟು ತೆಗೆದಿದ್ದಾರೆ, ಪೂರ್ತಿ ನೋಡೋಕೆ ನಮಗೇನು ಕಷ್ಟ?” ಅನ್ನೋದು ಅವಳ ವಾದ. ಇದೇ ಅಮ್ಮ ನಾನು ಫೋನ್ ಹಿಡಿದು ಸುಮ್ನೆ ಹತ್ತು ನಿಮಿಷ ಕೂತರೆ ಕಣ್ಣು ಹಾಳಾಗುತ್ತೆ ಅಂತಾಳೆ. ಇರಲಿ.

ಸಿನಿಮಾ ನೋಡುವುದರಿಂದ ನಮಗೆ ತೊಂದರೆಯಿಲ್ಲ. ತೊಂದರೆ ಇರುವುದು ಅದರಿಂದ ಪಾಠ ತೆಗೆಯುವುದರಲ್ಲಿ. ಉಂಗುರ ಅಂದರೆ ಅಧಿಕಾರದ ಆಸೆ ಅಂತ ಪಂಡಿತರು ಹೇಳುತ್ತಾರಂತೆ. ಅಮ್ಮನಿಗೆ ಅದೆಲ್ಲ ಬೇಕಾಗಿಲ್ಲ. ಅವಳು ಹೆಕ್ಕಿಕೊಳ್ಳುವುದು ಮನೆ ನಡೆಸೋಕೆ ಬೇಕಾದ್ದನ್ನು ಮಾತ್ರ.

ನಮ್ಮ ಮನೆಯಲ್ಲಿ ಚಾರ್ಜರ್‌ಗಳ ಒಂದು ಡ್ರಾಯರ್ ಇದೆ. ಸತ್ತ ಫೋನುಗಳ ಚಾರ್ಜರ್, ಯಾವ ತೂತಿಗೂ ಹೋಗದ ಪಿನ್ನು, ಒಂದು ಕಿವಿ ಮಾತ್ರ ಕೇಳುವ ಇಯರ್‌ಫೋನ್, ಬಾಲ ಯಾವುದು ತಲೆ ಯಾವುದು ಗೊತ್ತಾಗದ ವೈರುಗಳು. ಎಲ್ಲ ಹೆಣೆದುಕೊಂಡು ಒಂದೇ ಪ್ರಾಣಿಯಾಗಿವೆ. ಒಂದು ಭಾನುವಾರ ಅದನ್ನು ಎಸೆಯಲು ಹೋದೆ. ಅಮ್ಮ ಅಡ್ಡ ಬಂದಳು. ಉಂಗುರದ ಹುಚ್ಚು ಹಿಡಿದು ಅದರ ಹಿಂದೆಯೇ ಅಲೆಯುವ ಗೊಲ್ಲಮ್‌ನನ್ನು ಆಗಲೇ ಕೊಂದುಬಿಡಬೇಕಿತ್ತು ಅಂತ ಫ್ರೋಡೊ ಅಂದಾಗ, ಅವನಿಂದಲೂ ಒಂದು ಕೆಲಸ ಆಗೋದಿದೆ ಅಂತ ಮಂತ್ರವಾದಿ ಗ್ಯಾಂಡಾಲ್ಫ್ ಹೇಳುತ್ತಾನೆ. ಕೊನೆಗೆ ಉಂಗುರದ ಸಮೇತ ಬೆಂಕಿಗೆ ಬಿದ್ದವನು ಆ ಗೊಲ್ಲಮ್ಮೇ. ಫ್ರೋಡೊ ಕಡೇ ಗಳಿಗೆಯಲ್ಲಿ ಕೊಡಲ್ಲ ಅಂದುಬಿಟ್ಟಿದ್ದ.

“ಅವತ್ತು ಬಿಸಾಕಿದ್ರೆ ಏನಾಗ್ತಿತ್ತು?” ಅಂತ ಅಮ್ಮ ಕೇಳಿದಳು. ಗೊಲ್ಲಮ್ ವಿಷಯಕ್ಕೋ ಚಾರ್ಜರ್ ವಿಷಯಕ್ಕೋ ಅಂತ ನಾನು ಯೋಚಿಸುತ್ತಿರುವಾಗಲೇ ಡ್ರಾಯರ್ ಹಳಿ ತಪ್ಪಿ ನನ್ನ ಕಾಲಿನ ಮೇಲೆ ಬಿತ್ತು. ಕಿರುಬೆರಳಿಗೇ ಸರಿಯಾಗಿ.

ಬಿದ್ದ ಜಾಗದಲ್ಲೇ ಕೂತು ಕಿರುಚಿದೆ. ಅಮ್ಮ ಐಸ್ ತಂದಳು, ಜೊತೆಗೆ ಒಂದು ಕಥೆಯನ್ನೂ ತಂದಳು. ಎರಡನೇ ಭಾಗದಲ್ಲಿ ಕತ್ತಿವೀರ ಅರಗಾರ್ನ್ ಸಿಟ್ಟಿನಲ್ಲಿ ಒಂದು ಶಿರಸ್ತ್ರಾಣ ಒದ್ದು, ಮಂಡಿಯೂರಿ ಕಿರುಚುತ್ತಾನಲ್ಲ, ಆಗ ಆ ಪಾತ್ರ ಮಾಡಿದ ವಿಗ್ಗೋ ಮಾರ್ಟೆನ್ಸನ್ ನಿಜವಾಗಿಯೂ ಕಾಲ್ಬೆರಳು ಮುರಿದುಕೊಂಡಿದ್ದರು. ಆದರೂ ನಟನೆ ನಿಲ್ಲಿಸಲಿಲ್ಲ. ಆ ಕಿರುಚಾಟವೇ ಸಿನಿಮಾದಲ್ಲಿ ಉಳಿಯಿತು. “ಅವರೂ ಕಿರುಚಿದರು. ಆದರೆ ಡ್ರಾಯರ್‌ಗೆ ಬೈಲಿಲ್ಲ” ಅಂದಳು.

ಅಪ್ಪನಿಗೂ ಪಾಠ ತಪ್ಪಿದ್ದಲ್ಲ. ಅಡುಗೆಮನೆಯ ಮೇಲಿನ ಕಪಾಟಿನ ಬಾಗಿಲು ತೆರೆದಿದ್ದಾಗಲೆಲ್ಲ ಅವರ ಹಣೆ ಅದನ್ನೇ ಹುಡುಕಿಕೊಂಡು ಹೋಗುತ್ತದೆ. ಮೊದಲ ಭಾಗದಲ್ಲಿ ಗ್ಯಾಂಡಾಲ್ಫ್ ಆದ ಇಯಾನ್ ಮೆಕೆಲೆನ್ ಕುಳ್ಳ ಬಿಲ್ಬೋನ ಮನೆಯ ತೊಲೆಗೆ ತಲೆ ಬಡಿಸಿಕೊಳ್ಳುತ್ತಾರೆ. ಅದು ಚಿತ್ರಕಥೆಯಲ್ಲಿ ಇರಲೇ ಇಲ್ಲ, ನಿಜಕ್ಕೂ ಬಡಿದಿದ್ದು. ಅವರು ಪಾತ್ರ ಬಿಡದೆ ಮುಂದುವರಿದದ್ದಕ್ಕೆ ಜಾಕ್ಸನ್ ಅದನ್ನು ಹಾಗೇ ಇಟ್ಟುಕೊಂಡರು. ಇದು ಗೊತ್ತಾದ ಮೇಲೆ ಅಪ್ಪ ಹಣೆ ಉಜ್ಜಿಕೊಳ್ಳುವಾಗ ಅಮ್ಮ “ಚೆನ್ನಾಗಿ ಬಂತು, ಇಟ್ಕೊಳ್ಳೋಣ” ಅಂತಾಳೆ. ಕಪಾಟಿನ ಬಾಗಿಲು ಮುಚ್ಚುವ ವಿಚಾರ ಯಾರಿಗೂ ಬಂದಿಲ್ಲ.

ಇನ್ನೊಂದು ಸಲ ಒಂದು ಕಚೇರಿಯ ಗಾಜಿನ ಬಾಗಿಲನ್ನು ಅಪ್ಪ ಭುಜ ಕೊಟ್ಟು ತಳ್ಳುತ್ತಿದ್ದರು. ಒಳಗಿದ್ದವರು ಕೆಲಸ ಬಿಟ್ಟು ನೋಡುತ್ತಿದ್ದರು. ಅಮ್ಮ ಅವಸರ ಮಾಡಲಿಲ್ಲ. ಮೋರಿಯಾ ಗುಹೆಯ ಬಾಗಿಲ ಮುಂದೆ ಅಷ್ಟು ದೊಡ್ಡ ಮಂತ್ರವಾದಿಯೇ ಮಂತ್ರ ಹೇಳಿ ಹೇಳಿ ಸುಸ್ತಾಗಿದ್ದ, ಉತ್ತರ ಆ ಬಾಗಿಲ ಮೇಲೇ ಬರೆದಿತ್ತು ಅಂತ ನೆನಪಿಸಿದಳು. ಅಪ್ಪ ತಲೆಯೆತ್ತಿ ಓದಿದರು. ‘ಎಳೆಯಿರಿ’ ಅಂತಿತ್ತು.

ತಮ್ಮನ ಪಾಲಿಗೆ ಬಂದದ್ದು ಡೆನೆಥೋರ್. ದೊಡ್ಡ ಮಗನೇ ಮುದ್ದು, ಚಿಕ್ಕವನು ಲೆಕ್ಕಕ್ಕಿಲ್ಲ ಅನ್ನೋ ಅಪ್ಪ ಅವನು. ಚಿಕ್ಕ ಮಗನನ್ನು ಸಾಯೋಕೆ ಅಂತಲೇ ಯುದ್ಧಕ್ಕೆ ಕಳಿಸಿ, ತಾನು ಟೊಮೆಟೊ ಕಚ್ಚಿ ರಸ ಸುರಿಸಿಕೊಂಡು ತಿನ್ನುತ್ತಾನೆ. ಆ ದೃಶ್ಯ ನೋಡಿದ ರಾತ್ರಿಯೆಲ್ಲ ಅಮ್ಮ ತಮ್ಮನಿಗೆ ಫೋನ್ ಮಾಡಿ, “ನೀನಂದ್ರೆ ನಂಗೆ ತುಂಬಾ ಹೆಮ್ಮೆ ಕಣೋ” ಅಂತಾಳೆ. ಮೊದಲ ಸಲ ಅವನು ಗಾಬರಿಯಾಗಿ, “ಅಮ್ಮಂಗೆ ಏನಾದ್ರೂ ಆಗಿದ್ಯಾ?” ಅಂತ ನನಗೆ ಮೆಸೇಜ್ ಹಾಕಿದ್ದ. ಈಗ ರೂಢಿಯಾಗಿದೆ. “ಟೊಮೆಟೊ ಸೀನ್ ಬಂತಾ?” ಅಂತ ಕೇಳುತ್ತಾನೆ. ಅಪ್ಪ ಮಾತ್ರ ಅಮ್ಮನ ಎದುರು ಟೊಮೆಟೊ ತಿನ್ನುವಾಗ ಸದ್ದು ಮಾಡುವುದಿಲ್ಲ.

ಆದರೆ ಅಮ್ಮನಿಗೆ ಎಲ್ಲಕ್ಕಿಂತ ಇಷ್ಟ ದೀಪ ಹಚ್ಚುವ ದೃಶ್ಯ. ಗೊಂಡೋರ್ ಅನ್ನೋ ರಾಜ್ಯ ಆಪತ್ತಿನಲ್ಲಿದೆ. ಫ್ರೋಡೊನ ಗೆಳೆಯ ಪಿಪ್ಪಿನ್ ಕದ್ದು ಮೇಲೆ ಹತ್ತಿ ಮೊದಲ ಬೆಂಕಿ ಹಚ್ಚುತ್ತಾನೆ. ಅದನ್ನು ನೋಡಿ ಇನ್ನೊಂದು ಶಿಖರದವರು, ಅವರದನ್ನು ನೋಡಿ ಮತ್ತೊಂದು ಶಿಖರದವರು. ಹಿಮದ ಬೆಟ್ಟಗಳ ಉದ್ದಕ್ಕೂ ಬೆಂಕಿ ಓಡುತ್ತಾ ಓಡುತ್ತಾ ಪಕ್ಕದ ರಾಜ್ಯ ರೋಹನ್ ತಲುಪುತ್ತದೆ. ನಮ್ಮ ಕಷ್ಟಕ್ಕೆ ಗೊಂಡೋರ್ ಬಂದಿತ್ತಾ ಅಂತ ಮುನಿಸಿಕೊಂಡಿದ್ದ ಅಲ್ಲಿನ ರಾಜ ಒಂದು ಕ್ಷಣ ಸುಮ್ಮನಿದ್ದು, ಹೊರಡೋಣ ಅಂತಾನೆ. ಅಷ್ಟು ಹೊತ್ತಿಗೆ ಅಮ್ಮನ ಕನ್ನಡಕ ಸೆರಗಿನಲ್ಲಿರುತ್ತದೆ.

ಇದನ್ನು ಕುಟುಂಬದಲ್ಲಿ ಜಾರಿಗೆ ತರದಿದ್ದರೆ ಅವಳು ಅಮ್ಮನೇ ಅಲ್ಲ. ಯಾರಿಗಾದರೂ ತೊಂದರೆಯಾದರೆ ಫೋನಿನಲ್ಲಿ ಕಥೆ ಹೇಳುತ್ತಾ ಕೂರಬಾರದು. ಎರಡು ಮಿಸ್ಡ್ ಕಾಲ್ ಕೊಡಬೇಕು. ಸಿಕ್ಕವರು ಮುಂದಿನವರಿಗೆ ಎರಡು ಮಿಸ್ಡ್ ಕಾಲ್ ಕೊಟ್ಟು, ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡಬೇಕು. ಅಮ್ಮನಿಂದ ದೊಡ್ಡಮ್ಮನಿಗೆ, ದೊಡ್ಡಮ್ಮನಿಂದ ಚಿಕ್ಕಮ್ಮನಿಗೆ. ಚಿಕ್ಕಮ್ಮನ ಆಚೆ ಯಾರು ಅಂತ ಅಮ್ಮ ಹೇಳಲಿಲ್ಲ. ಅಲ್ಲಿರುವುದು ದೊಡ್ಡಮಾವ. ಯಾವುದೋ ಮದುವೆಯಲ್ಲಿ ಸರಿಯಾಗಿ ಮಾತಾಡಿಸಲಿಲ್ಲ ಅಂತ ಶುರುವಾಗಿ, ಯಾರು ಯಾರನ್ನು ಮಾತಾಡಿಸಲಿಲ್ಲ ಅನ್ನೋದು ಈಗ ಮರೆತೇ ಹೋಗಿ, ಮುನಿಸು ಮಾತ್ರ ಉಳಿದಿತ್ತು.

ಕೊನೆಗೆ ದೀಪ ಹಚ್ಚಿದವರು ಅಪ್ಪ. ಕನ್ನಡಕ ಒರೆಸುತ್ತಿದ್ದವರು, ಹಾಗೇ ಅಮ್ಮನ ಫೋನನ್ನೂ ಒರೆಸಿಬಿಡೋಣ ಅಂತ ಕೈಗೆತ್ತಿಕೊಂಡರು. ಕನ್ನಡಕ ಇನ್ನೊಂದು ಕೈಯಲ್ಲಿತ್ತು. ಹೆಬ್ಬೆರಳು ಎಲ್ಲಿ ಒತ್ತಿತೋ, ದೊಡ್ಡಮ್ಮನಿಗೆ ಕಾಲ್ ಹೋಯಿತು. ಗಾಬರಿಯಲ್ಲಿ ಕಟ್ ಮಾಡಿದರು. ಮತ್ತೆ ಹೋಯಿತು. ಮತ್ತೆ ಕಟ್ ಮಾಡಿ, ಯಾಕಪ್ಪ ಸಹವಾಸ ಅಂತ ಫೋನನ್ನು ಸೈಲೆಂಟಿಗೆ ಹಾಕಿ ಬೋರಲು ಮಲಗಿಸಿದರು.

ಅರ್ಧ ಗಂಟೆಯಲ್ಲಿ ಬಾಗಿಲಲ್ಲಿ ದೊಡ್ಡಮ್ಮ, ಅಪ್ಪನ ಹಳೇ ಇಸಿಜಿ ಫೈಲ್ ಸಮೇತ. ಅವರ ಹಿಂದೆ ಚಿಕ್ಕಮ್ಮ. ಅವರ ಹಿಂದೆ ಏಣಿ ಹೊತ್ತ ಚಿಕ್ಕಪ್ಪ. ಏಣಿ ಯಾಕೆ ಅಂತ ಕೇಳಿದೆ. “ಏನಾಗಿದೆ ಅಂತ ಗೊತ್ತಿಲ್ವಲ್ಲ, ಯಾವುದಕ್ಕೂ ಇರಲಿ ಅಂತ” ಅಂದರು.

ತಲೆಗೆ ಡೈ ಹಚ್ಚಿಕೊಂಡಿದ್ದ ಅಮ್ಮ ಕಿವಿಗಳ ಮೇಲೆ ಪ್ಲಾಸ್ಟಿಕ್ ಕವರ್ ಇಳಿಬಿಟ್ಟುಕೊಂಡು ಹೊರಗೆ ಬಂದಳು. ಅಷ್ಟರಲ್ಲಿ ಗೇಟು ಸದ್ದಾಯಿತು. ದೊಡ್ಡಮಾವ. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ.

ಯಾರೂ ಮಾತಾಡಲಿಲ್ಲ. ಅಪ್ಪ ಮೆಲ್ಲಗೆ ಕಪಾಟಿನ ಕಡೆ ಸರಿದರು.

“ಮಿಸ್ಡ್ ಕಾಲ್ ಬಂತು” ಅಂದರು ಮಾವ. “ಏನಿದು ತಲೆಗೆ?”

“ಡೈ ಅಣ್ಣ. ಒಳಗೆ ಬಾ.”

ಬಂದವರು ಈ ಮಿಸ್ಡ್ ಕಾಲ್ ಶಾಸ್ತ್ರ ಎಲ್ಲಿಂದ ಬಂತು ಅಂತ ಕೇಳಿದ್ದೇ ತಪ್ಪಾಯಿತು. ಅಮ್ಮ ತಲೆ ತೊಳೆದುಕೊಂಡು ಬಂದು ಮೂರನೇ ಭಾಗ ಹಾಕಿದಳು, ಉದ್ದನೆಯದು. ದೀಪದ ದೃಶ್ಯ ಬಂದಾಗ ಮಾವ ಗಂಟಲು ಸರಿ ಮಾಡಿಕೊಂಡರು. ಅಮ್ಮ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

ಆ ಸಿನಿಮಾ ಮುಗಿಯುವುದು ಹೇಗೆ ಅಂತ ನೋಡಿದವರಿಗೆ ಗೊತ್ತು. ಹೊರಟೆವು ಅಂದು ಬಾಗಿಲಲ್ಲಿ ನಿಂತು ಮತ್ತೆ ಮಾತು ತೆಗೆಯುವ ನೆಂಟರ ಥರ. ಉಂಗುರ ಕರಗಿತು, ಪರದೆ ಕಪ್ಪಾಯಿತು, ಮಾವ ಎದ್ದರು. “ಕೂತ್ಕೋ ಅಣ್ಣ, ಪಟ್ಟಾಭಿಷೇಕ ಇದೆ.” ಪಟ್ಟಾಭಿಷೇಕ ಆಯಿತು, ಮತ್ತೆ ಎದ್ದರು. “ಸ್ಯಾಮ್ ಮದುವೆ ಇದೆ.” ಮದುವೆಯೂ ಆಯಿತು. ಈ ಸಲ ಮಾವ ಚಪ್ಪಲಿ ಹಾಕಿಕೊಂಡೇ ಬಿಟ್ಟಿದ್ದರು. “ಹಡಗು ಹೊರಡಬೇಕು.” ಚಪ್ಪಲಿ ಬಿಟ್ಟು ಬಂದು ಕೂತರು. ಹಡಗೂ ಹೋಯಿತು. ಸ್ಯಾಮ್ ಮನೆಗೆ ಬಂದು ಬಾಗಿಲು ಹಾಕಿಕೊಂಡ.

ಮಾವ ಏಳುವ ಧೈರ್ಯ ಮಾಡಲಿಲ್ಲ. “ಮುಗೀತಾ?” ಅಂತ ಕೂತಲ್ಲಿಂದಲೇ ಕೇಳಿದರು.

“ಮುಗೀತು” ಅಂದಳು ಅಮ್ಮ. “ಆದ್ರೆ ಅಣ್ಣ, ನೀನು ಮೊದಲ ಎರಡು ಭಾಗ ನೋಡೇ ಇಲ್ವಲ್ಲ?”