ಚಾಡಿ ಹೇಳೋ ತೋಳು

ದಿನಾ ಚುಚ್ಚಿ ಚುಚ್ಚಿ ನನ್ನ ಬೆರಳ ತುದಿಗಳೆಲ್ಲ ರವೆ ಜರಡಿ ಥರ ಆಗಿಬಿಟ್ಟಿತ್ತು, ಅದನ್ನ ನೋಡಲಾರದೆ ಪುಣೆಯಲ್ಲಿರೋ ಮಗ ಶುಗರ್ ನೋಡೋ ಸೆನ್ಸರ್ ಕಳಿಸಿಕೊಟ್ಟ. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪ, ತೋಳಿನ ಹಿಂಭಾಗಕ್ಕೆ ಅಂಟಿಸಿದ್ರೆ 14 ದಿನ ಅಲ್ಲೇ ಕೂತಿರುತ್ತೆ. ನಮ್ಮನೆಯವರು ದೇವರನ್ನ ನೆನೆಸ್ಕೊಂಡು ಟಪ್ ಅಂತ ಒತ್ತಿದ್ರು. ಅಯ್ಯೋ ಅನ್ನೋಕೆ ನಾನು ಬಾಯಿ ತೆಗೆಯೋಷ್ಟರಲ್ಲಿ ಕೆಲಸ ಮುಗಿದಿತ್ತು, ನೋವೇ ಇಲ್ಲ. ತೆಗೆದ ಬಾಯಿ ದಂಡ ಆಗಬಾರದು ಅಂತ ಒಂದು ಆಕಳಿಕೆ ತೆಗೆದೆ.

ಕಷ್ಟ ಶುರುವಾಗಿದ್ದು ರವಿಕೆಯಿಂದ. ನಾದಿನಿ ಮನೆ ಗೃಹಪ್ರವೇಶಕ್ಕೆ ಅಂತ ಹೊಲಿಸಿದ್ದ ರವಿಕೆ, ನಮ್ಮ ಟೈಲರ್‌ಗೆ ತೋಳು ಬಿಗಿ ಹೊಲಿಯೋದು ಅಂದ್ರೆ ಅದೇನು ಪ್ರೀತಿನೋ, ಸರಿಯಾಗಿ ಸೆನ್ಸರ್ ಹತ್ರ ಬಂದು ಸಿಕ್ಕಾಕೊಂಡುಬಿಡ್ತು, ಮೇಲಕ್ಕೂ ಹೋಗಲ್ಲ ಕೆಳಕ್ಕೂ ಬರಲ್ಲ, ಎಳೆದ್ರೆ ಸಾವಿರಾರು ರೂಪಾಯಿ ಕಿತ್ಕೊಂಡು ಬರುತ್ತೆ, ಎಳೀದೇ ಇದ್ರೆ ಮುಹೂರ್ತ ಮೀರುತ್ತೆ. ಕೊನೆಗೆ ಇವರೇ ಕನ್ನಡಕ ಏರಿಸ್ಕೊಂಡು ಬ್ಲೇಡಲ್ಲಿ ಹೊಲಿಗೆ ಬಿಚ್ಚಿದ್ರು. ಅಲ್ಲಿಗೆ ಹೋದ್ರೆ ಅತ್ತೆ ಕಡೆ ಅಜ್ಜಿ ಒಬ್ರು ಅದನ್ನ ಮುಟ್ಟಿ ಮುಟ್ಟಿ ನೋಡಿ, "ಯಾವ ದೇವಸ್ಥಾನದ್ದಮ್ಮಾ ಈ ತಾಯತ, ನಂಗೂ ಒಂದು ಕಟ್ಟಿಸ್ಕೊಡು" ಅಂದ್ರು.

ಬಾಗಿಲ ಚೌಕಟ್ಟಿಗೆ ತಗಲಿಸ್ಕೊಂಡಿದ್ದು, ಅಂಟಿನ ಸುತ್ತ ತುರಿಕೆ ಬಂದು ಹೇರ್‌ಪಿನ್ನಲ್ಲಿ ಪ್ರದಕ್ಷಿಣೆ ಹಾಕಿದ್ದು ಇವೆಲ್ಲ ಲೆಕ್ಕಕ್ಕಿಲ್ಲ ಬಿಡಿ.

ರಾತ್ರಿ 2:40ಕ್ಕೆ ಫೋನು ಆಂಬುಲೆನ್ಸ್ ಥರ ಕೂಗ್ಕೊಳ್ತು. ನೋಡಿದ್ರೆ ಶುಗರ್ 56! ಮಗನ ಫೋನಿಗೂ ನನ್ನ ಲೆಕ್ಕ ಹೋಗೋ ಹಾಗೆ ಸೆಟ್ ಮಾಡ್ಕೊಂಡಿದಾನೆ, ಪುಣೆಯಿಂದ ಅವನ ಕೂಗು, ಇಲ್ಲಿ ಇವರು ಕತ್ತಲಲ್ಲಿ ಬೆಲ್ಲದ ಡಬ್ಬ ಹುಡುಕಿ ಹುಣಸೆಹಣ್ಣು ತಂದು ಬಾಯಿಗಿಟ್ರು. ಮುಖ ಹಿಂಡ್ಕೊಂಡೇ ಬೆರಳು ಚುಚ್ಚಿ ನೋಡಿದ್ರೆ 118.

ಡಾಕ್ಟ್ರು ನಕ್ಕುಬಿಟ್ರು. ಅದು ರಕ್ತ ಅಳೆಯಲ್ವಂತೆ, ಚರ್ಮದಡಿ ಜೀವಕೋಶಗಳ ನಡುವೆ ಇರೋ ನೀರಿನಲ್ಲಿ ಸಕ್ಕರೆ ಅಳೆಯೋದಂತೆ, ಆ ತೋಳಿನ ಮೇಲೇ ಮಲಗಿದ್ರೆ ಆ ಜಾಗ ಅದುಮಿಹೋಗಿ ಶುಗರ್ ಇಳಿದಿದೆ ಅಂತ ಸುಳ್ಳು ತೋರಿಸುತ್ತಂತೆ. "ಎಡಮಗ್ಗುಲಲ್ಲಿ ಮಲಗಬೇಡಿಮ್ಮಾ" ಅಂದ್ರು. ಹೇಳೋದು ಸುಲಭ. ಬಲಮಗ್ಗುಲಿಗೆ ತಿರುಗಿದ್ರೆ ಇವರ ಗೊರಕೆ ನೇರ ಕಿವಿಗೇ ಬರುತ್ತೆ, 31 ವರ್ಷದಿಂದ ನಾನು ಎಡಕ್ಕೆ ಮಲಗ್ತಿರೋದು ಸುಮ್ನೆ ಅಲ್ಲ.

ಹಗಲು ಹೊತ್ತಲ್ಲಿ ಮಾತ್ರ ತೋಳು ಸತ್ಯಹರಿಶ್ಚಂದ್ರ. ಒಂದು ಒಬ್ಬಟ್ಟು ತಿಂದು ಕೈ ತೊಳೆದು ಅರ್ಧಗಂಟೆ ಆಗಿರಲ್ಲ, ಗ್ರಾಫು ಚಾಮುಂಡಿ ಬೆಟ್ಟ ಹತ್ತುತ್ತೆ, ಮಗನ ಫೋನ್ ಬರುತ್ತೆ. "ಏನಮ್ಮಾ ತಿಂದೆ?" "ಚಪಾತಿ ಕಣೋ." "ಚಪಾತಿ ಒಳಗೆ ಏನಿತ್ತು?"

ಯುಗಾದಿ ದಿನ ನಂಗೊಂದು ಐಡಿಯಾ ಹೊಳೀತು. ತುಪ್ಪ ಸುರಿದು ಎರಡು ಒಬ್ಬಟ್ಟು ಮುಗಿಸಿದವಳೇ ಚಾಪೆ ಹಾಸಿ, ಎಡತೋಳನ್ನ ಚೆನ್ನಾಗಿ ಅಡಿಗೆ ಹಾಕ್ಕೊಂಡು ಮಲಗಿದೆ. ಹೇಗೂ ಸುಳ್ಳು ಹೇಳುತ್ತಲ್ಲ, ನನ್ನ ಪರವಾಗಿ ಒಂದ್ಸಲ ಹೇಳಲಿ. ಕಣ್ಣು ಹತ್ತೋಷ್ಟರಲ್ಲಿ ಫೋನು.

"ಅಮ್ಮಾ, ಎಷ್ಟು ತಿಂದೆ ಅಂತ ಆಮೇಲೆ ಕೇಳ್ತೀನಿ. ಮೊದಲು ಮಗ್ಗುಲು ಬದಲಾಯಿಸು."